ಓದುಗರ ಪ್ರಶ್ನೆ, ನಮ್ಮ ಉತ್ತರ: ಕೈಹೊಲಿಗೆಯ ಕಿಲ್ಟ್‌ಗೆ ಏಕಿಷ್ಟು ಬೆಲೆ?

ಪ್ರಶ್ನೆ: ನನ್ನ ಮಗ ಗ್ಲಾಸ್ಗೋದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾನೆ. ಅವನ ಸ್ಕಾಟಿಷ್ ಗೆಳೆಯನೊಬ್ಬನ ಮದುವೆ ಬರುವ ಬೇಸಿಗೆಯಲ್ಲಿದ್ದು, ವರನ ಗೆಳೆಯರೆಲ್ಲರೂ ಅಲ್ಲಿನ ಗಂಡಸರ ನೆರಿಗೆಯ ಉಡುಪಾದ ಕಿಲ್ಟ್ ಉಟ್ಟುಕೊಂಡು ಬರಬೇಕೆಂದು ಮಾತಾಗಿದೆಯಂತೆ. ಅಳತೆ ತೆಗೆದುಕೊಂಡು ಕೈಯಲ್ಲಿ ಹೊಲಿದುಕೊಡುವ ಎಂಟು ಗಜದ ಕಿಲ್ಟ್‌ಗೆ ಅಲ್ಲಿನ ಒಂದು ಅಂಗಡಿಯವರು 680 ಪೌಂಡ್ ಹೇಳಿದ್ದಾರೆ. ಎಡಿನ್‌ಬರ್ಗಿನ ಪ್ರವಾಸಿ ಬೀದಿಯಲ್ಲಿ ನೋಡಲು ಅಂಥದ್ದೇ ಆದ ಕಿಲ್ಟ್ 40 ಪೌಂಡಿಗೆ ಸಿಗುತ್ತಿತ್ತಂತೆ. ಸೊಂಟಕ್ಕೆ ಸುತ್ತಿಕೊಳ್ಳುವ ಒಂದು ಬಟ್ಟೆಗೆ ನಮ್ಮ ಹಣದಲ್ಲಿ 75 ಸಾವಿರ ರೂಪಾಯಿಗೂ ಮೇಲೆ ಬೆಲೆ ಇರಲು ಸಾಧ್ಯವೇ, ಅಥವಾ ಪರದೇಶದ ಹುಡುಗನೆಂದು ಹೆಚ್ಚಿಗೆ ಹೇಳಿದ್ದಾರೆಯೇ?
– ಧಾರವಾಡದ ಓದುಗರೊಬ್ಬರು

ಉತ್ತರ: ನಿಮ್ಮ ಮಗನಿಗೆ ಹೇಳಿದ ಬೆಲೆಯಲ್ಲಿ ಮೋಸವಿಲ್ಲ. ಸ್ಕಾಟ್ಲೆಂಡಿನಲ್ಲಿ ಶುದ್ಧ ಉಣ್ಣೆಯ ಎಂಟು ಗಜದ ಕಿಲ್ಟನ್ನು ಕೈಯಿಂದ ಹೊಲಿಸಬೇಕೆಂದರೆ ಇಂದು ಸುಮಾರು 500ರಿಂದ 900 ಪೌಂಡ್‌ವರೆಗೆ ಕೊಡಬೇಕಾಗುತ್ತದೆ, ಅಪರೂಪದ ಟಾರ್ಟನ್ (ಬಟ್ಟೆಯ ಚೌಕಳಿ ವಿನ್ಯಾಸ) ಬೇಕೆಂದರೆ ಅದಕ್ಕೂ ಹೆಚ್ಚು. ಆದರೆ 'ಸೊಂಟಕ್ಕೆ ಸುತ್ತಿಕೊಳ್ಳುವ ಒಂದು ಬಟ್ಟೆ' ಎಂದು ನೀವು ಬರೆದಿರುವ ಮಾತಿನಿಂದಲೇ ಉತ್ತರವನ್ನು ಆರಂಭಿಸಬೇಕೆನಿಸುತ್ತದೆ, ಏಕೆಂದರೆ ಕಿಲ್ಟ್ ಒಂದು ಕಾಲಕ್ಕೆ ನಿಜವಾಗಿಯೂ ಅಷ್ಟೇ ಆಗಿತ್ತು.

ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್‌ನಲ್ಲಿ 16ನೇ ಶತಮಾನದ ಕೊನೆಯಿಂದ ಬಳಕೆಯಲ್ಲಿದ್ದುದು ಹೊಲಿಗೆಯೇ ಇಲ್ಲದ ಒಂದು ಉದ್ದನೆಯ ಉಣ್ಣೆಯ ಬಟ್ಟೆ. ಅದನ್ನು ನೆರಿಗೆ ಹಿಡಿದು ಸೊಂಟಪಟ್ಟಿಯಿಂದ ಬಿಗಿದು, ಉಳಿದ ಭಾಗವನ್ನು ಹೆಗಲ ಮೇಲೆ ಹೊದ್ದು, ರಾತ್ರಿ ಬಿಚ್ಚಿದರೆ ಅದೇ ಕಂಬಳಿಯಾಗುತ್ತಿತ್ತು. ಪ್ರತಿದಿನವೂ ನೆರಿಗೆ ಹಿಡಿದು ಕಚ್ಚೆ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಈ ಉಡುಗೆ ವಿಚಿತ್ರವೆನಿಸುತ್ತಿರಲಿಲ್ಲ. 18ನೇ ಶತಮಾನದಲ್ಲಿ ಹೆಗಲ ಭಾಗವನ್ನು ಬಿಟ್ಟು ಸೊಂಟದಿಂದ ಕೆಳಗಿನ ಭಾಗವನ್ನಷ್ಟೇ ಉಡುವ ಸಣ್ಣ ಕಿಲ್ಟ್ ಬಂತು. ಅದೇ ಶತಮಾನದ ಕೊನೆಯ ಹೊತ್ತಿಗೆ ನೆರಿಗೆಗಳನ್ನು ದಿನವೂ ಹಿಡಿಯುವ ಬದಲು ಹೊಲಿದು ಶಾಶ್ವತವಾಗಿ ಕೂರಿಸುವ ಪದ್ಧತಿ ಆರಂಭವಾಯಿತು. ಹೀಗೆ ಉಡುವವನ ಕೈ ಬೆಳಗ್ಗೆ ಮಾಡುತ್ತಿದ್ದ ಕೆಲಸವು ದರ್ಜಿಯ ಕೈಗೆ ಬಂತು, ಬೆಲೆಯೂ ಅಲ್ಲಿಂದಲೇ ಏರತೊಡಗಿತು.

ಇದರ ನಡುವೆ ಇನ್ನೊಂದು ಘಟನೆಯೂ ನಡೆಯಿತು. 1746ರ ಏಪ್ರಿಲ್ 16ರಂದು ಕಲೊಡನ್ ಕದನದಲ್ಲಿ ಹೈಲ್ಯಾಂಡ್ ಪಡೆಗಳು ಸೋತ ಬಳಿಕ ಬ್ರಿಟಿಷ್ ಸರ್ಕಾರವು ಕಿಲ್ಟ್ ಸೇರಿದಂತೆ ಹೈಲ್ಯಾಂಡಿನ ಉಡುಗೆಯನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದವರಿಗೆ ಆರು ತಿಂಗಳ ಸೆರೆವಾಸ, ಎರಡನೆಯ ಸಲಕ್ಕೆ ಏಳು ವರ್ಷ ಗಡೀಪಾರು. ಸೈನ್ಯದ ಹೈಲ್ಯಾಂಡ್ ರೆಜಿಮೆಂಟುಗಳಿಗೆ ಮಾತ್ರ ವಿನಾಯಿತಿ ಇತ್ತು. 1782ರಲ್ಲಿ ಆ ಕಾನೂನು ರದ್ದಾಗುವ ವೇಳೆಗೆ ಒಂದು ತಲೆಮಾರೇ ದಾಟಿಹೋಗಿತ್ತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರ್ಗಿಗೆ ಬಂದಾಗ, ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಅವರ ಮೇಲ್ವಿಚಾರಣೆಯಲ್ಲಿ ನಡೆದ ಸಮಾರಂಭಗಳಲ್ಲಿ ಕಿಲ್ಟ್ ಮರಳಿ ಮೆರೆಯಿತು. ಆದರೆ ಮರಳಿ ಬಂದದ್ದು ದನ ಕಾಯುವವನು ಮಳೆಯಲ್ಲಿ ಉಡುತ್ತಿದ್ದ ಬಟ್ಟೆಯಾಗಿರಲಿಲ್ಲ. ಅದು ಸಮಾರಂಭದ ಉಡುಪಾಗಿ, ರೆಜಿಮೆಂಟಿನ ಶಿಸ್ತನ್ನು ಮೈಗೂಡಿಸಿಕೊಂಡು, ಒಬ್ಬೊಬ್ಬರ ಅಳತೆಗೂ ಬೇರೆಬೇರೆಯಾಗಿ ಹೊಲಿಯಬೇಕಾದ ವಸ್ತುವಾಗಿ ಬಂದಿತ್ತು. ಬಾಳಿನಲ್ಲಿ ಒಂದೋ ಎರಡೋ ಸಲ ಮಾಡಿಸುವ ಉಡುಪನ್ನು ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ತೆಗೆಯಲಾಗುವುದಿಲ್ಲ ಎಂಬುದು ಬೆಲೆಯ ಮೊದಲ ಕಾರಣ.

ಎರಡನೆಯ ಕಾರಣ ಬಟ್ಟೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸುವುದು ಒಳ್ಳೆಯದು. 'ಕೈಯಿಂದ ಮಾಡಿದ ಕಿಲ್ಟ್' ಎಂದಾಗ ಕೈಮಗ್ಗದ ಸೀರೆಯನ್ನು ಕಂಡ ನಮಗೆ ಬಟ್ಟೆಯೂ ಕೈಮಗ್ಗದ್ದೇ ಇರಬೇಕೆನಿಸುವುದು ಸಹಜ. ಹಾಗಿಲ್ಲ. ಇಂದಿನ ಕಿಲ್ಟ್ ಬಟ್ಟೆಯು ಬಹುಪಾಲು ಸ್ಕಾಟ್ಲೆಂಡಿನ ಸೆಲ್ಕರ್ಕ್‌ನಂಥ ಊರುಗಳ ಗಿರಣಿಗಳಲ್ಲಿ ವಿದ್ಯುತ್ ಮಗ್ಗದ ಮೇಲೆಯೇ ತಯಾರಾಗುತ್ತದೆ. ಕೈಕೆಲಸವೆಂಬುದು ಹೊಲಿಗೆಗೆ ಸೇರಿದ್ದು. ಹಾಗೆಂದು ಬಟ್ಟೆ ಅಗ್ಗವೆಂದಲ್ಲ. ಉದ್ದನೆಯ ಎಳೆಯ ಉಣ್ಣೆಯನ್ನು ಬಾಚಿ, ಬಿಗಿಯಾಗಿ ಹುರಿಗೊಳಿಸಿ ನೂತ ನೂಲನ್ನು ಮೊದಲು ಬಣ್ಣಕ್ಕೆ ಅದ್ದಿ, ಆಮೇಲೆ ಎರಡು ಎಳೆಯ ಮೇಲೆ ಎರಡು ಎಳೆಯ ಕೆಳಗೆ ಹೋಗುವಂತೆ ಓರೆಗೆರೆಯ ಟ್ವಿಲ್ ನೇಯ್ಗೆಯಲ್ಲಿ ನೇಯುತ್ತಾರೆ. ಸಾಮಾನ್ಯವಾಗಿ ಉದ್ದದ ಎಳೆಗಳಾದ ಹಾಸಿನಲ್ಲಿ ಯಾವ ಬಣ್ಣ ಎಷ್ಟು ಎಳೆ ಬರುತ್ತದೆಯೋ ಅಡ್ಡ ಎಳೆಗಳಾದ ಹೊಕ್ಕಿನಲ್ಲಿಯೂ ಅದೇ ಕ್ರಮದಲ್ಲಿ ಅಷ್ಟೇ ಎಳೆ ಬರಬೇಕು. ಟಾರ್ಟನ್ ಎಂಬ ಚೌಕಳಿ ಹುಟ್ಟುವುದು ಹೀಗೆ. ಕಿಲ್ಟ್‌ಗೆ ಹೇಳಿ ಮಾಡಿಸಿದಂತಿರುವ ಭಾರದ ಬಟ್ಟೆಯು ಒಂದು ಗಜಕ್ಕೆ 16 ಔನ್ಸ್ ತೂಗುತ್ತದೆ. ಜೋಡಿ ಅಗಲದ ಅಂಥ ಬಟ್ಟೆ ಒಂದು ಕಿಲ್ಟ್‌ಗೆ 4 ಗಜ ಬೇಕು, ಅಂದರೆ ಬಟ್ಟೆಯ ತೂಕವೇ ಸುಮಾರು 1.8 ಕಿಲೋ. ಒಂದು ಕೊಡೆ ಹಿಡಿಯುವಷ್ಟು ಮಳೆ ಬಂದರೂ ಜಗ್ಗದ, ನಡೆಯುವಾಗ ನೆರಿಗೆಗಳು ಒಟ್ಟಿಗೆ ತೂಗಿ ಒಟ್ಟಿಗೆ ತಮ್ಮ ಜಾಗಕ್ಕೆ ಮರಳುವ ಆ ಗಾಂಭೀರ್ಯ ಬರುವುದು ಈ ತೂಕದಿಂದಲೇ.

ಆ 4 ಗಜವನ್ನು ಉದ್ದಕ್ಕೆ ನಡುವೆ ಸೀಳಿ ಎರಡು ಪಟ್ಟಿಗಳನ್ನು ಕೂಡಿಸಿದಾಗ 8 ಗಜ, ಅಂದರೆ ಸುಮಾರು 7.3 ಮೀಟರ್ ಆಗುತ್ತದೆ. ಸೀಳಿದ ಅಂಚು ಸೊಂಟದ ಕಡೆಗೆ ಹೋಗುತ್ತದೆ, ಮಗ್ಗದಲ್ಲೇ ಮೂಡಿಬಂದ ಅಂಚು ಕೆಳಗೆ ಬರುತ್ತದೆ. ಒಳ್ಳೆಯ ಕಿಲ್ಟ್‌ನ ಕೆಳಗಡೆ ಬಟ್ಟೆಯನ್ನು ಮಡಿಸಿ ಹೊಲಿದಿರುವುದೇ ಇಲ್ಲ, ಏಕೆಂದರೆ ಮಡಿಸಿದರೆ ಅಲ್ಲಿ ದಪ್ಪವಾಗಿ ನೆರಿಗೆ ನೇರವಾಗಿ ಇಳಿಬೀಳದು. ಆದ್ದರಿಂದ ಆ ಅಂಚು ನೇಯುವಾಗಲೇ ಕಣ್ಣಿಗೆ ಒಪ್ಪುವಷ್ಟು ಅಚ್ಚುಕಟ್ಟಾಗಿರಬೇಕು. ಎರಡು ಪಟ್ಟಿಗಳ ಜೋಡಣೆಯು ಯಾವುದಾದರೊಂದು ನೆರಿಗೆಯ ಒಳಮಡಿಕೆಯಲ್ಲಿ ಅಡಗಬೇಕು ಮತ್ತು ಅಲ್ಲಿಯೂ ಅಡ್ಡಗೆರೆಗಳು ಒಂದಕ್ಕೊಂದು ಕೂಡಬೇಕು. ಬುಕಾನನ್‌ನಂಥ ಕೆಲವು ಟಾರ್ಟನ್‌ಗಳಲ್ಲಿ ಗೆರೆಗಳ ಕ್ರಮವು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಒಂದೇ ಆಗಿರುವುದಿಲ್ಲ. ಅಂಥ ಬಟ್ಟೆಯಲ್ಲಿ ಒಂದು ಪಟ್ಟಿಯನ್ನು ತಿರುಗಿಸಿ ಕೂಡಿಸಿದರೆ ಗೆರೆಗಳು ಹೊಂದುವುದಿಲ್ಲ. ಹೊಲಿಯುವವರು ಬಟ್ಟೆಗೆ ಆರ್ಡರ್ ಕೊಡುವ ಮೊದಲೇ ಇದನ್ನೆಲ್ಲ ಲೆಕ್ಕ ಹಾಕಿರಬೇಕು.

ಇನ್ನು ಹೊಲಿಗೆ. ಕೆಲವು ವರ್ಷಗಳ ಹಿಂದೆ ಎಡಿನ್‌ಬರ್ಗಿನ ಒಂದು ಸಣ್ಣ ಕಾರ್ಯಾಗಾರದಲ್ಲಿ ಹಿರಿಯ ಹೆಂಗಸೊಬ್ಬರು ಕಿಲ್ಟ್‌ನ ನೆರಿಗೆ ಕೂರಿಸುವುದನ್ನು ಅರ್ಧ ದಿನ ಎದುರಿಗೇ ಕುಳಿತು ನೋಡುವ ಅವಕಾಶ ನನಗೆ ದೊರಕಿತ್ತು. ಮೇಜಿನ ಮೇಲೆ ಹಸಿರು-ನೀಲಿ ಬಟ್ಟೆ ಹರಡಿಕೊಂಡಿತ್ತು. ಕೈಯಲ್ಲಿ ಅಳತೆಯ ಟೇಪು, ಸೀಮೆಸುಣ್ಣದ ಚೂರು, ತುಟಿಯ ನಡುವೆ ಎರಡು ಗುಂಡುಸೂಜಿ. ಅವರು ಒಂದು ನೆರಿಗೆಯನ್ನು ಮಡಿಸಿ, ಹೆಬ್ಬೆರಳಿನಿಂದ ಉಜ್ಜಿ, ಮೇಲಿನ ಅಡ್ಡಗೆರೆಯು ಪಕ್ಕದ ನೆರಿಗೆಯ ಅಡ್ಡಗೆರೆಗೆ ಕೂಡುತ್ತದೆಯೇ ಎಂದು ನೋಡಿ, ಒಂದು ಎಳೆಯಷ್ಟು ಸರಿಸಿ, ಮತ್ತೆ ನೋಡಿ, ಆಮೇಲೆಯೇ ಸೂಜಿಯನ್ನು ಬಟ್ಟೆಗೆ ಇಳಿಸುತ್ತಿದ್ದರು. ಹೊಲಿಗೆ ಮುಗಿದ ನೆರಿಗೆಯನ್ನು ನನ್ನ ಕಣ್ಣ ಹತ್ತಿರ ಹಿಡಿದು ದಾರ ಎಲ್ಲಿದೆ ಹುಡುಕಿ ಎಂದರು. ಬೆರಳಿನಿಂದ ಬಿಡಿಸಿ ನೋಡಿದರೂ ನನಗೆ ಸಿಗಲಿಲ್ಲ.

ಅವರು ಮಾಡುತ್ತಿದ್ದ ಕೆಲಸದ ಲೆಕ್ಕವನ್ನು ಇಲ್ಲಿ ಒಮ್ಮೆ ಬಿಡಿಸಿಟ್ಟರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಕಿಲ್ಟ್‌ನ ಮುಂಭಾಗದಲ್ಲಿ ಒಂದರ ಮೇಲೊಂದು ಬರುವ ಎರಡು ಚಪ್ಪಟೆ ಸೆರಗುಗಳಿರುತ್ತವೆ, ನೆರಿಗೆಗಳೆಲ್ಲ ಹಿಂಭಾಗದಲ್ಲಿ. ಸೊಂಟ 34 ಇಂಚು, ದರ್ಜಿಗಳು ಸೀಟು ಎನ್ನುವ ನಿತಂಬದ ಭಾಗ 40 ಇಂಚು ಇರುವ ಒಬ್ಬ ಯುವಕನಿಗೆ 27 ನೆರಿಗೆಗಳ ಕಿಲ್ಟ್ ಹೊಲಿಯುತ್ತಾರೆಂದು ಇಟ್ಟುಕೊಳ್ಳೋಣ. ಅರ್ಧ ಸುತ್ತಳತೆಯೊಳಗೆ ಈ 27 ನೆರಿಗೆಗಳೂ ಕೂರಬೇಕಾದ್ದರಿಂದ, ಹೊರಗೆ ಕಾಣುವ ಒಂದೊಂದು ನೆರಿಗೆಯ ಅಗಲವು ಸೀಟಿನ ಬಳಿ ಸುಮಾರು 19 ಮಿಲಿಮೀಟರ್ ಇದ್ದು, ಮೇಲೆ ಸೊಂಟದ ಬಳಿ ಬರುವಷ್ಟರಲ್ಲಿ 16 ಮಿಲಿಮೀಟರ್‌ಗೆ ಇಳಿಯಬೇಕು. ಈ 3 ಮಿಲಿಮೀಟರ್ ವ್ಯತ್ಯಾಸವನ್ನು ಎಂಟು ಇಂಚಿನಷ್ಟು ಉದ್ದದಲ್ಲಿ ಸ್ವಲ್ಪ ಸ್ವಲ್ಪವಾಗಿ, ಎಲ್ಲಿಯೂ ಗೊತ್ತಾಗದಂತೆ, 27 ನೆರಿಗೆಗಳಲ್ಲಿಯೂ ಒಂದೇ ಸಮನಾಗಿ ತರಬೇಕು. ಪ್ರತಿ ನೆರಿಗೆಯಲ್ಲಿ ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ಕೊನೆಯಲ್ಲಿ ಒಟ್ಟು 27 ಮಿಲಿಮೀಟರ್, ಅಂದರೆ ಒಂದು ಇಂಚಿಗೂ ಮೇಲೆ ಹೆಚ್ಚಾಗಿ ಕಿಲ್ಟ್ ಸೊಂಟದಲ್ಲಿ ನಿಲ್ಲುವುದಿಲ್ಲ. ಒಂದು ಮಿಲಿಮೀಟರ್ ಎಂದರೆ ಆ ದಪ್ಪ ಬಟ್ಟೆಯಲ್ಲಿ ಬೆರಳೆಣಿಕೆಯ ಎಳೆಗಳು. ಹೀಗೆ ಕಣ್ಣಿಗೆ ಕಾಣದಂತೆ ಕೈಯಲ್ಲಿ ಹಾಕುವ ಹೊಲಿಗೆಯ ಉದ್ದವು 27 ನೆರಿಗೆಗೆ ಎಂಟೆಂಟು ಇಂಚಿನಂತೆ 216 ಇಂಚು, ಅಂದರೆ ಸುಮಾರು ಐದೂವರೆ ಮೀಟರ್ ಆಗುತ್ತದೆ.

ಇದು ಬರಿಯ ಅಳತೆಯ ಮಾತಾಯಿತು. ನೆರಿಗೆಯನ್ನು ಎಲ್ಲಿ ಮಡಿಸಬೇಕೆಂದು ತೀರ್ಮಾನಿಸುವುದು ಟೇಪಲ್ಲ, ಬಟ್ಟೆಯ ಚೌಕಳಿ. ಮದುವೆ ಮುಂತಾದ ಸಂದರ್ಭಗಳಿಗೆ ಮಾಡಿಸುವ ಕಿಲ್ಟ್‌ನಲ್ಲಿ ಹಿಂಬದಿಯ ನೆರಿಗೆಗಳು ಕೂಡಿಕೊಂಡಾಗ, ಬಟ್ಟೆಯನ್ನು ಮಡಿಸಿಯೇ ಇಲ್ಲವೇನೋ ಎನ್ನುವಂತೆ, ಅದೇ ಚೌಕಳಿ ಮತ್ತೆ ಮೂಡಬೇಕು. ಅದಕ್ಕಾಗಿ ಪ್ರತಿ ನೆರಿಗೆಯೂ ಚೌಕಳಿಯ ಒಂದು ಇಡೀ ಆವರ್ತನವನ್ನು, ಅಂದರೆ ಗೆರೆಗಳ ಕ್ರಮ ಒಮ್ಮೆ ಪೂರ್ತಿಯಾಗುವಷ್ಟು ಬಟ್ಟೆಯನ್ನು, ಒಳಗೆ ನುಂಗಿ, ಹೊರಗೆ ಮುಂದಿನ ತುಣುಕನ್ನಷ್ಟೇ ತೋರಿಸುತ್ತದೆ. ಸೈನ್ಯದ ಕಿಲ್ಟ್‌ಗಳಲ್ಲಿ ಪದ್ಧತಿ ಬೇರೆ: ಪ್ರತಿ ನೆರಿಗೆಯ ನಡುವೆಯೂ ಒಂದೇ ಗೆರೆ ಬಂದು, ಯೋಧ ನಡೆಯುವಾಗ ಹಿಂದೆ ಆ ಗೆರೆಗಳೇ ಸಾಲುಗಟ್ಟಿ ಕಾಣುತ್ತವೆ. ಎರಡರಲ್ಲಿ ಯಾವುದಾದರೂ ಸರಿ, ಬಟ್ಟೆ ಇಷ್ಟೊಂದು ಖರ್ಚಾಗುವುದು ಇದಕ್ಕಾಗಿಯೇ. ಎಂಟು ಗಜವೆಂಬುದು ಆಡಂಬರದ ಅಳತೆಯಲ್ಲ. ಚೌಕಳಿಯ ಆವರ್ತನ ದೊಡ್ಡದಿದ್ದರೆ ಒಂದೊಂದು ನೆರಿಗೆಗೂ ಹೆಚ್ಚು ಬಟ್ಟೆ ಬೇಕು, ಚಿಕ್ಕದಿದ್ದರೆ ನೆರಿಗೆಗಳ ಸಂಖ್ಯೆಯನ್ನೇ ಹೆಚ್ಚಿಸಬೇಕಾಗಬಹುದು.

ಹೊಲಿಗೆಯಾದ ಮೇಲೆ ಒಳಗಿನ ಕೆಲಸ ಶುರುವಾಗುತ್ತದೆ, ಗ್ರಾಹಕರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಏಳು ಮೀಟರಿಗೂ ಮಿಕ್ಕಿದ ಉಣ್ಣೆಯು ಸೊಂಟದಲ್ಲಿ ಮಡಿಕೆ ಮಡಿಕೆಯಾಗಿ ಸೇರಿದರೆ ದಿಂಬು ಕಟ್ಟಿಕೊಂಡಂತಾಗುತ್ತದೆ. ಆದ್ದರಿಂದ ಹೊಲಿದ ಭಾಗದ ಹಿಂದಿನ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆದು, ಹಾಗೆ ತೆಗೆದುದರಿಂದ ಕಡಿಮೆಯಾದ ಬಲವನ್ನು ತುಂಬಲು ಒಳಗಿನಿಂದ ಗಟ್ಟಿ ಹೊಲಿಗೆಯ ಸಾಲನ್ನೂ ಕ್ಯಾನ್ವಾಸ್ ಪಟ್ಟಿಯನ್ನೂ ಹಾಕುತ್ತಾರೆ. ಅದರ ಮೇಲೆ ಹತ್ತಿಯ ಲೈನಿಂಗ್, ಸೊಂಟಪಟ್ಟಿ, ಚರ್ಮದ ಪಟ್ಟಿ ಮತ್ತು ಬಕಲ್‌ಗಳು ಬರುತ್ತವೆ. ಕತ್ತರಿ ಹಾಕುವ ಗಳಿಗೆಯಲ್ಲಿ ಕೈ ತಪ್ಪಿದರೆ ಇಡೀ ಬಟ್ಟೆ ಹಾಳಾದಂತೆ. ಕೊನೆಗೆ ನೆರಿಗೆಗಳನ್ನು ಕೆಳಗಿನವರೆಗೂ ಕಚ್ಚಾ ಹೊಲಿಗೆಯಿಂದ ಹಿಡಿದಿಟ್ಟು, ಒದ್ದೆ ಬಟ್ಟೆ ಹಾಸಿ, ಬಿಸಿ ಇಸ್ತ್ರಿಯನ್ನು ಒತ್ತಿ, ಆರುವವರೆಗೆ ಬಿಡುತ್ತಾರೆ. ಇಷ್ಟೆಲ್ಲ ಸೇರಿ ಒಂದು ಕಿಲ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ಗಂಟೆಗಳ ಕೈಕೆಲಸ ಬೀಳುತ್ತದೆ.

ಈಗ 40 ಪೌಂಡಿನ ಕಿಲ್ಟ್‌ಗೆ ಬರೋಣ. ಅದರ ಬಟ್ಟೆ ಹೆಚ್ಚಾಗಿ ಅಕ್ರಿಲಿಕ್. ಗಜಗಳು ಕಡಿಮೆ, ನೆರಿಗೆಗಳು ಆಳವಿಲ್ಲದವು, ಚೌಕಳಿ ಕೂಡುವ ಗೊಡವೆಗೆ ಹೋಗದೆ ಯಂತ್ರದಲ್ಲಿ ನೇರ ಹೊಲಿಗೆ. ಅಳತೆಯು ಸಣ್ಣದು, ನಡುವಿನದು, ದೊಡ್ಡದು ಎಂಬ ಮೂರು ನಾಲ್ಕು ಬಗೆಗಳಲ್ಲಿ ಮುಗಿಯುತ್ತದೆ. ಇಂಥವು ಬಹಳಷ್ಟು ದಕ್ಷಿಣ ಏಷ್ಯಾದಿಂದಲೇ ಹೋಗುತ್ತವೆ. ಬ್ಯಾಗ್‌ಪೈಪ್ ತಯಾರಿಕೆಗೆ ಹೆಸರಾದ ಪಾಕಿಸ್ತಾನದ ಸಿಯಾಲ್‌ಕೋಟ್ ನಗರದಲ್ಲಿ ಕಿಲ್ಟ್‌ಗಳೂ ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತವೆ. ಅಲ್ಲಿನ ದರ್ಜಿಗಳ ಕೌಶಲವನ್ನು ನಾನು ಕಡಿಮೆ ಎನ್ನುತ್ತಿಲ್ಲ. 20 ಗಂಟೆ ಕೊಟ್ಟರೆ ಅವರೂ ಉತ್ತಮ ಕಿಲ್ಟನ್ನೇ ಹೊಲಿದಾರು. 40 ಪೌಂಡಿನಲ್ಲಿ ಬಟ್ಟೆ, ಸಾಗಣೆ, ಅಂಗಡಿಯ ಲಾಭ ಎಲ್ಲವೂ ಸೇರಬೇಕೆಂದಾಗ ಅವರಿಗೆ ಸಿಗುವ ಸಮಯವೇ ಅತ್ಯಲ್ಪ. ಹಾಗಾಗಿ ನಿಮ್ಮ ಮಗ ಕಂಡ ಎರಡು ಕಿಲ್ಟ್‌ಗಳ ನಡುವಿನ ವ್ಯತ್ಯಾಸವು ಮುಖ್ಯವಾಗಿ ಗಂಟೆಗಳ ವ್ಯತ್ಯಾಸ. ಅದನ್ನು ಪರೀಕ್ಷಿಸಲು ಹೆಚ್ಚಿನ ಪರಿಣತಿ ಬೇಕಿಲ್ಲ. ಮುಂಭಾಗ ನೋಡುವುದನ್ನು ಬಿಟ್ಟು ಕಿಲ್ಟನ್ನು ತಿರುಗಿಸಿ ಹಿಂಭಾಗವನ್ನೂ, ಆಮೇಲೆ ಒಳಭಾಗವನ್ನೂ ನೋಡಲು ಹೇಳಿ. ಅಡ್ಡಗೆರೆಗಳು ನೆರಿಗೆಯಿಂದ ನೆರಿಗೆಗೆ ಮುರಿಯದೆ ಸಾಗಿದ್ದರೆ, ನೆರಿಗೆಗಳು ಮೇಲಕ್ಕೆ ಹೋದಂತೆ ಕಿರಿದಾಗಿದ್ದರೆ, ಕೆಳಗಿನ ಅಂಚು ಮಡಿಸಿ ಹೊಲಿಯದೆ ಸಹಜವಾಗಿದ್ದರೆ, ಯಾರೋ ಅದರ ಮುಂದೆ ಹಲವು ದಿನ ಕುಳಿತಿದ್ದಾರೆಂದು ತಿಳಿಯಬಹುದು.

ಕೊಳ್ಳಲೇಬೇಕೆಂದಿದ್ದರೆ ನಡುವಿನ ದಾರಿಗಳೂ ಇವೆ. ಒಂದು ಮದುವೆಗಷ್ಟೇ ಆದರೆ ಬಾಡಿಗೆಗೆ ತರುವುದು ಸ್ಕಾಟ್ಲೆಂಡಿನಲ್ಲಿ ತೀರ ಸಾಮಾನ್ಯ; ಅಲ್ಲಿನ ವರರೇ ಅನೇಕರು ಹಾಗೆ ಮಾಡುತ್ತಾರೆ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಬಾಡಿಗೆಯಲ್ಲಿ ಜಾಕೆಟ್ಟು, ಮುಂದೆ ತೂಗಾಡುವ ಸ್ಪಾರನ್ ಎಂಬ ಚೀಲ, ಮೊಳಕಾಲಿನವರೆಗಿನ ಕಾಲುಚೀಲ, ಬೂಟು ಎಲ್ಲವೂ ಸೇರಿ ಬರುತ್ತವೆ. ಇವನ್ನು ಬೇರೆಬೇರೆಯಾಗಿ ಕೊಂಡರೆ ಕಿಲ್ಟ್‌ನ ಜೊತೆಗೆ ಇನ್ನೊಂದು ದೊಡ್ಡ ಮೊತ್ತ ಸೇರುತ್ತದೆಂಬುದನ್ನು ಮಗನಿಗೆ ತಿಳಿಸಿ. ಹಳೆಯ ಕಿಲ್ಟ್ ಕೊಳ್ಳುವುದಂತೂ ಜಾಣತನ, ಏಕೆಂದರೆ ಒಳ್ಳೆಯ ಉಣ್ಣೆಯ ಕಿಲ್ಟ್ ಹಲವು ದಶಕ ಬಾಳುತ್ತದೆ, ಬಕಲ್ ಸರಿಸಿ ಒಂದೆರಡು ಇಂಚು ಸಡಿಲಿಸಲೂ ಬಿಗಿಗೊಳಿಸಲೂ ಬರುತ್ತದೆ, ತಂದೆಯದನ್ನು ಮಗ ಉಡುವುದು ಅಲ್ಲಿ ರೂಢಿ. ಇನ್ನೊಂದು ಸಂಗತಿ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ: ಆರಂಭದ ಹೊಲಿದ ಕಿಲ್ಟ್‌ಗಳಿಗೆ ಎಂಟು ಗಜ ಬಟ್ಟೆ ಬಳಸುತ್ತಿರಲಿಲ್ಲ, ಸುಮಾರು ನಾಲ್ಕು ಗಜದಲ್ಲಿ ಎರಡೂ ಬದಿಗೆ ಮಡಿಸಿದ ಅಗಲವಾದ ಪೆಟ್ಟಿಗೆ ನೆರಿಗೆ ಹಾಕಿ ಹೊಲಿಯುತ್ತಿದ್ದರು. ಎಂಟು ಗಜದ ರೂಢಿ ಆಮೇಲೆ ಬಂದದ್ದು. ಆ ಹಳೆಯ ಮಾದರಿಯನ್ನು ಇಂದಿಗೂ ಕೈಯಲ್ಲಿ ಹೊಲಿದುಕೊಡುವವರಿದ್ದಾರೆ; ಬಟ್ಟೆ ಅರ್ಧವಾಗುವುದರಿಂದ ಬೆಲೆಯೂ ಇಳಿಯುತ್ತದೆ, ಸಂಪ್ರದಾಯಕ್ಕೂ ಏನೂ ಕುಂದಿಲ್ಲ.

ಪ್ರಶ್ನೆ: ನಾನು ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷಗಳಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಶಾಲೆಯ ಹೆಣ್ಣುಮಕ್ಕಳ ನೆರಿಗೆ ಸ್ಕರ್ಟುಗಳನ್ನು ದಿನಕ್ಕೆ ಮೂರು ನಾಲ್ಕು ಹೊಲಿಯುತ್ತೇನೆ. ಚೌಕಳಿ ಬಟ್ಟೆಯನ್ನೇ ಮಷಿನ್ನಿನಲ್ಲಿ ಹೊಲಿದರೆ ಕಿಲ್ಟ್‌ಗೆ ಏನು ಕೊರತೆಯಾಗುತ್ತದೆ?

ಉತ್ತರ: ವೃತ್ತಿಯವರೇ ಕೇಳಿದ ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಮಷಿನ್ನಿನಲ್ಲಿ ಹೊಲಿದ ಉಣ್ಣೆಯ ಕಿಲ್ಟ್‌ಗಳು ಸ್ಕಾಟ್ಲೆಂಡಿನಲ್ಲಿಯೂ ಇವೆ, ಅವು ಕೈಹೊಲಿಗೆಯದಕ್ಕಿಂತ ಅಗ್ಗವಾಗಿಯೂ ಸಿಗುತ್ತವೆ, ಕೆಲಸ ಚೆನ್ನಾಗಿದ್ದರೆ ನೋಡಲೂ ಚೆನ್ನಾಗಿರುತ್ತವೆ. ಆದರೆ ನೀವು ಸ್ಕರ್ಟಿಗೆ ನೆರಿಗೆ ಹಾಕುವಾಗ ಸುತ್ತಳತೆಯನ್ನು ಸಮನಾಗಿ ಹಂಚಿ ಗುರುತು ಹಾಕಿಕೊಳ್ಳುತ್ತೀರಿ. ಕಿಲ್ಟ್‌ನಲ್ಲಿ ಆ ಸಮ ಹಂಚಿಕೆಯೂ ಚೌಕಳಿಯ ಗೆರೆಗಳೂ ಒಂದಕ್ಕೊಂದು ಒಪ್ಪುವುದು ಅಪರೂಪ. ಮಗ್ಗದಲ್ಲಿ ನೇಯುವಾಗ ಬಟ್ಟೆಯ ಒಂದು ತುದಿಗೂ ಇನ್ನೊಂದು ತುದಿಗೂ ಚೌಕಳಿಯ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುವುದುಂಟು, ಅದನ್ನು ನೆರಿಗೆ ನೆರಿಗೆಗೂ ಸರಿದೂಗಿಸಿಕೊಂಡು ಹೋಗಬೇಕು. ಮಷಿನ್ನಿನ ಪಾದದ ಕೆಳಗೆ ದಪ್ಪ ಉಣ್ಣೆಯ ಮೇಲಿನ ಪದರವು ಕೆಳಗಿನದಕ್ಕಿಂತ ತುಸು ಹಿಂದೆ ಉಳಿಯುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸ್ಕರ್ಟಿನಲ್ಲಿ ಅದು ಲೆಕ್ಕಕ್ಕಿಲ್ಲ, ಇಲ್ಲಿ ಅಡ್ಡಗೆರೆ ಮುರಿದು ಕಾಣುತ್ತದೆ. ಕೈಸೂಜಿಯು ಪ್ರತಿ ಹೊಲಿಗೆಗೂ ನಿಂತು ನೋಡಲು ಬಿಡುತ್ತದೆ, ಗೆರೆಯ ಬಣ್ಣಕ್ಕೆ ಹೊಂದುವ ದಾರವನ್ನು ಬದಲಿಸಲು ಬಿಡುತ್ತದೆ, ಮೇಲಿನ ಪದರದ ಒಂದೆರಡು ಎಳೆಯನ್ನಷ್ಟೇ ಹಿಡಿದು ಕಾಣದಂತೆ ಸಾಗುತ್ತದೆ. ಕುಳಿತೇಳುವಾಗ ಎಳೆತ ಬಿದ್ದರೂ ಆ ಹೊಲಿಗೆ ತುಸು ಸಡಿಲಿಸಿ ಕೊಡುತ್ತದೆ. ರಿಪೇರಿಗೆ ಬಂದಾಗ ಬಿಚ್ಚಿದರೆ ಬಟ್ಟೆಯ ಮೇಲೆ ತೂತಿನ ಸಾಲು ಉಳಿಯುವುದಿಲ್ಲ.

ಮಷಿನ್ ಬಳಸುವುದೇ ತಪ್ಪೆಂದು ಯಾರೂ ಹೇಳುವುದಿಲ್ಲ. ಕಾಣದ ಕಡೆ, ಲೈನಿಂಗ್‌ಗೆ, ಅನೇಕರು ಮಷಿನ್ನನ್ನೇ ಬಳಸುತ್ತಾರೆ. ನಿಮಗೆ ಮೂವತ್ತು ವರ್ಷಗಳ ಕೈ ಇದೆ. ನಾಲ್ಕು ಗಜದ ಪೆಟ್ಟಿಗೆ ನೆರಿಗೆಯ ಮಾದರಿಯಿಂದ ಆರಂಭಿಸಿ, ಒಮ್ಮೆ ಬರಿಯ ಹಿಂಭಾಗದ ಐದು ನೆರಿಗೆಗಳನ್ನು ಚೌಕಳಿಗೆ ಕೂಡಿಸಿ ಕೈಯಲ್ಲಿ ಹೊಲಿದು ನೋಡಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.

ಪ್ರಶ್ನೆ: ಪ್ರತಿಯೊಂದು ಕುಲಕ್ಕೂ ಅದರದೇ ಟಾರ್ಟನ್ ಇರುತ್ತದೆಂದು ಓದಿದ್ದೇನೆ. ಅಲ್ಲಿನವರಲ್ಲದ ನಮ್ಮ ಮಕ್ಕಳು ಅದನ್ನು ಉಡಬಹುದೇ? ಟಾರ್ಟನ್ ಬದಲಾದರೆ ಬೆಲೆಯೂ ಬದಲಾಗುತ್ತದೆಯೇ? – ಮೈಸೂರು

ಉತ್ತರ: ಉಡಬಹುದು, ಕಾನೂನಿನ ಅಡ್ಡಿ ಇಲ್ಲ. ಸಂಕೋಚವೆನಿಸಿದರೆ ಕುಲಕ್ಕೆ ಸೇರದ, ಜಿಲ್ಲೆಗಳ ಅಥವಾ ಎಲ್ಲರೂ ಉಡುವ ಟಾರ್ಟನ್‌ಗಳು ಬೇಕಾದಷ್ಟಿವೆ. 2008ರ ಕಾಯ್ದೆಯಂತೆ ಸ್ಥಾಪನೆಯಾದ ಸ್ಕಾಟಿಷ್ ಟಾರ್ಟನ್ ನೋಂದಣಿಯಲ್ಲಿ ಹೊಸ ವಿನ್ಯಾಸಗಳನ್ನು ದಾಖಲಿಸುವ ವ್ಯವಸ್ಥೆಯೂ ಇದೆ. ಸ್ಕಾಟ್ಲೆಂಡಿನ ಸಿಖ್ಖರಿಗಾಗಿ ಸಿಂಗ್ ಟಾರ್ಟನ್ ಎಂಬುದೇ ಇದೆ.

ಬೆಲೆಯಂತೂ ಬದಲಾಗುತ್ತದೆ. ಹೆಚ್ಚು ಮಾರಾಟವಾಗುವ ಟಾರ್ಟನ್‌ಗಳನ್ನು ಗಿರಣಿಗಳು ಒಮ್ಮೆಗೇ ನೂರಾರು ಮೀಟರ್ ನೇಯ್ದು ದಾಸ್ತಾನು ಇಟ್ಟಿರುತ್ತವೆ. ನಿಮಗೆ ಬೇಕಾದದ್ದು ಆ ಪಟ್ಟಿಯಲ್ಲಿಲ್ಲದಿದ್ದರೆ ನಿಮ್ಮ ಒಬ್ಬರಿಗಾಗಿ ನೂಲಿನ ಬಣ್ಣ ಹೊಂದಿಸಿ, ಸಾವಿರಾರು ಎಳೆಗಳ ಹಾಸನ್ನು ಕ್ರಮ ತಪ್ಪದಂತೆ ಮಗ್ಗಕ್ಕೆ ಏರಿಸಬೇಕು. ಹಾಸು ಏರಿಸುವ ಶ್ರಮವು ನಾಲ್ಕು ಗಜಕ್ಕೂ ನಾನ್ನೂರು ಗಜಕ್ಕೂ ಹೆಚ್ಚು ಕಡಿಮೆ ಒಂದೇ ಎಂಬುದನ್ನು ಇಳಕಲ್ಲಿನ ಯಾವ ನೇಕಾರರನ್ನು ಕೇಳಿದರೂ ಹೇಳುತ್ತಾರೆ. ಆದ್ದರಿಂದ ಬೆಲೆ ಮುಖ್ಯವೆನ್ನುವವರು ದಾಸ್ತಾನಿನಲ್ಲಿರುವ ಟಾರ್ಟನ್‌ನಿಂದಲೇ ಆರಿಸಿಕೊಳ್ಳುವುದು ಲೇಸು.

ಪ್ರಶ್ನೆ: ಇಷ್ಟು ದುಬಾರಿ ಬೆಲೆಯಲ್ಲಿ ಹೊಲಿಯುವವರ ಕೈಗೆ ಸೇರುವುದೆಷ್ಟು? ನಮ್ಮ ಕಡೆ ಸೀರೆಯ ಬೆಲೆಗೂ ನೇಕಾರರ ಕೂಲಿಗೂ ಸಂಬಂಧವೇ ಇರುವುದಿಲ್ಲ, ಅಲ್ಲಿಯೂ ಹಾಗೆಯೇ? – ಬಾಗಲಕೋಟೆ ಜಿಲ್ಲೆಯ ಓದುಗರು

ಉತ್ತರ: ಧಾರವಾಡದ ಓದುಗರು ಹೇಳಿದ 680 ಪೌಂಡನ್ನೇ ತೆಗೆದುಕೊಂಡು ನೋಡೋಣ. ಬ್ರಿಟನ್ನಿನಲ್ಲಿ ದೊಡ್ಡವರ ಉಡುಪಿನ ಮೇಲೆ ಶೇ 20ರಷ್ಟು ವ್ಯಾಟ್ ತೆರಿಗೆ ಇದೆ. ತೆರಿಗೆಗೆ ನೋಂದಾಯಿಸಿಕೊಂಡ ಅಂಗಡಿಯಾದರೆ ಈ ಮೊತ್ತದಲ್ಲಿ ಸುಮಾರು 113 ಪೌಂಡ್ ಸರ್ಕಾರಕ್ಕೇ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಂತೆ 21 ವರ್ಷ ತುಂಬಿದವರಿಗೆ ಅಲ್ಲಿನ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಗಿತ್ತು. ನುರಿತ ಕುಶಲಕರ್ಮಿಗೆ ಬರಿಯ ಕನಿಷ್ಠ ವೇತನ ಕೊಡುವುದೇ ಅನ್ಯಾಯ, ಆದರೂ ಆ ಲೆಕ್ಕದಲ್ಲೇ 25 ಗಂಟೆಗೆ 305 ಪೌಂಡ್ ಆಯಿತು. ಉಳಿಯುವುದು 262 ಪೌಂಡ್. ಇದರಲ್ಲಿ ನಾಲ್ಕು ಗಜ ಶುದ್ಧ ಉಣ್ಣೆಯ ಬಟ್ಟೆ, ಕ್ಯಾನ್ವಾಸ್, ಲೈನಿಂಗ್, ಚರ್ಮದ ಪಟ್ಟಿ, ಅಂಗಡಿಯ ಬಾಡಿಗೆ, ದೀಪದ ಬಿಲ್ಲು, ಅಳತೆ ತೆಗೆದವನ ಸಂಬಳ ಎಲ್ಲವೂ ಬರಬೇಕು. ಈ ಲೆಕ್ಕ ಕೂಡುವುದು ಬಹಳ ಕಷ್ಟ. ಹಾಗಾದಾಗ ಹೊರೆಯನ್ನು ಹೊರುವವರು ಯಾರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಿಲ್ಟ್ ಹೊಲಿಯುವವರಲ್ಲಿ ಅನೇಕರು ಅಂಗಡಿಯಲ್ಲಿ ಕುಳಿತು ಸಂಬಳಕ್ಕೆ ಕೆಲಸ ಮಾಡುವವರಲ್ಲ. ಬಟ್ಟೆಯನ್ನು ಮನೆಗೆ ತಂದುಕೊಂಡು, ಒಂದು ಕಿಲ್ಟ್‌ಗೆ ಇಷ್ಟು ಎಂಬ ಕೂಲಿಗೆ ಹೊಲಿದುಕೊಡುವವರು, ಹೆಚ್ಚಿನವರು ಹೆಂಗಸರು. ಹೊಲಿದಷ್ಟಕ್ಕೆ ಕೂಲಿ ಎಂದಾಗ ನಿಧಾನವಾಗಿ ಕಲಿಯುವ ಹೊಸಬರಿಗೆ ಸಿಗುವುದು ತೀರ ಕಡಿಮೆ. ಮೊದಲ ಕಿಲ್ಟ್‌ಗೆ 50 ಗಂಟೆ ಹಿಡಿದ ಹುಡುಗಿಗೂ 20 ಗಂಟೆಯಲ್ಲಿ ಮುಗಿಸುವ ಅನುಭವಿಗೂ ಸಿಗುವ ಹಣ ಒಂದೇ. ಕೈ ಪಳಗುವವರೆಗೆ ಬಾಳು ಸಾಗಿಸುವುದು ಹೇಗೆಂಬ ಪ್ರಶ್ನೆಯಿಂದಾಗಿಯೇ ಹೊಸಬರು ಈ ಕೆಲಸಕ್ಕೆ ಬರಲು ಹಿಂಜರಿಯುತ್ತಾರೆ. ಕಾನೂನಿನ ಆಸರೆಯೂ ಕಡಿಮೆ. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ನೇಯುವ ಹ್ಯಾರಿಸ್ ಟ್ವೀಡ್ ಬಟ್ಟೆಗೆ 1993ರ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇದೆ: ಆ ದ್ವೀಪದವರು ತಮ್ಮ ಮನೆಯಲ್ಲೇ ಕೈಯಿಂದ ನೇಯ್ದದ್ದಲ್ಲದೆ ಬೇರೆ ಬಟ್ಟೆಗೆ ಆ ಹೆಸರಿಡುವಂತಿಲ್ಲ. ಇಳಕಲ್ ಸೀರೆಗೂ ಮೈಸೂರು ರೇಷ್ಮೆಗೂ ಇರುವ ಭೌಗೋಳಿಕ ಸೂಚಿಕೆಯನ್ನು ಇದಕ್ಕೆ ಹೋಲಿಸಬಹುದು. ಕಿಲ್ಟ್ ಎಂಬ ಹೆಸರಿಗೆ ಅಂಥ ಕಾವಲಿಲ್ಲದ ಕಾರಣ ಯಾವ ದೇಶದಲ್ಲಿ ಯಾವ ನೂಲಿನಿಂದ ಹೇಗೆ ಮಾಡಿದ್ದನ್ನೂ ಕಿಲ್ಟ್ ಎಂದೇ ಮಾರಬಹುದು. 'ಸ್ಕಾಟ್ಲೆಂಡಿನಲ್ಲಿ ವಿನ್ಯಾಸಗೊಂಡದ್ದು' ಎಂಬ ಚೀಟಿಯನ್ನು 'ಸ್ಕಾಟ್ಲೆಂಡಿನಲ್ಲಿ ಹೊಲಿದದ್ದು' ಎಂದು ಓದಿಕೊಳ್ಳುವ ಪ್ರವಾಸಿಗರಿಗೆ ಕೊರತೆಯಿಲ್ಲ.

ಆದ್ದರಿಂದ ಕೊಳ್ಳುವ ಮನಸ್ಸಿರುವವರು ಬೆಲೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇದನ್ನು ಹೊಲಿಯುವವರು ಯಾರು, ಎಲ್ಲಿ? ಒಳ್ಳೆಯ ಅಂಗಡಿಯವರು ಅಳುಕದೆ ಹೇಳುತ್ತಾರೆ, ಕೆಲವೊಮ್ಮೆ ಒಳಗೆ ಕರೆದು ತೋರಿಸುತ್ತಾರೆ. ತಾವೇ ಅಳತೆ ತೆಗೆದು ತಾವೇ ಹೊಲಿದು ನೇರವಾಗಿ ಮಾರುವ ಒಂಟಿ ಕುಶಲಕರ್ಮಿಗಳೂ ಗ್ಲಾಸ್ಗೋ, ಎಡಿನ್‌ಬರ್ಗ್ ಸುತ್ತಮುತ್ತ ಇದ್ದಾರೆ. ಅವರ ಬೆಲೆ ಅಂಗಡಿಯಷ್ಟೇ ಇರಬಹುದು, ಕಾಯುವುದು ಕೆಲವು ತಿಂಗಳಾಗಬಹುದು, ಆದರೆ ಕೊಟ್ಟ ಹಣದ ಹೆಚ್ಚಿನ ಪಾಲು ಸೂಜಿ ಹಿಡಿದ ಕೈಗೇ ಹೋಗುತ್ತದೆ. ಮದುವೆ ಬೇಸಿಗೆಯಲ್ಲಿ ಇರುವುದರಿಂದ, ಧಾರವಾಡದ ಓದುಗರು ಮಗನಿಗೆ ಅಳತೆ ಕೊಡುವ ಕೆಲಸವನ್ನು ಈಗಲೇ ಮುಗಿಸಲು ಹೇಳುವುದು ಒಳ್ಳೆಯದು.